ಸೋಮವಾರ ಎತ್ತು ಹೂಡದವನು

ನಾಲ್ಕೈದು ವರ್ಷ ಒಬ್ಬ ಮನುಷ್ಯನ ಜೊತೆ ದಿನಾ ಕೆಲಸ ಮಾಡಿದೆ. ಅವನ ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಒಂದು ಸಲ ಎದುರಿಗೆ ಕೂತು ಚಹಾ ಕುಡಿಯಬೇಕು, ನಾಲ್ಕು ಮಾತು ಬಾಯಿಂದಲೇ ಜಗಳವಾಡಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಅದಕ್ಕಿಂತ ದೊಡ್ಡದೇನನ್ನೂ ನಾನು ಬಯಸಿರಲಿಲ್ಲ. ಅದೂ ಆಗಲಿಲ್ಲ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಮನೆ. ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದಲ್ಲೊಂದು ರೂಮು. ಬೇಸಿಗೆಯಲ್ಲಿ ಒಲೆಯ ಹಾಗೆ ಕಾಯುವ ಆ ರೂಮಿನಲ್ಲಿ ಕೂತು ನಾನು ಮಾಡುತ್ತಿದ್ದದ್ದು ಮೊಬೈಲಿನ ಆ್ಯಪ್, ಕ್ರಿಪ್ಟೊ ನಾಣ್ಯ ಇಟ್ಟುಕೊಳ್ಳುವ ವ್ಯಾಲೆಟ್. ಕ್ರಿಪ್ಟೊ ಅಂದಕೂಡಲೇ ಜನ ಅದೆಲ್ಲ ಗುಟ್ಟಿನ ವ್ಯವಹಾರ ಅಂದುಕೊಳ್ಳುತ್ತಾರೆ. ಸುಳ್ಳು. ಅದರಲ್ಲಿ ವಿಳಾಸ ಅಂದರೆ ಖಾತೆ ನಂಬರಿದ್ದ ಹಾಗೆ. ಸಾಮಾನ್ಯವಾಗಿ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಏನು ಹೋಯಿತು ಅನ್ನುವುದು ಜಗತ್ತಿಗೆಲ್ಲ ಕಾಣುತ್ತದೆ. ವಿಳಾಸ ನಿಮ್ಮದು ಅಂತ ಒಮ್ಮೆ ಗೊತ್ತಾದರೆ ಮುಗಿಯಿತು, ನಿಮ್ಮ ಪಾಸ್‌ಬುಕ್ ಬೀದಿಗೆ ಬಿದ್ದ ಹಾಗೆ. ನಮ್ಮ ಆ್ಯಪ್ ಅದನ್ನು ಮುಚ್ಚುತ್ತಿತ್ತು. ಬಳಸುವವರ ಹೆಸರು ಕೇಳುತ್ತಿರಲಿಲ್ಲ, ಫೋನ್ ನಂಬರ್ ಕೇಳುತ್ತಿರಲಿಲ್ಲ. ನಾಣ್ಯದ ಜೊತೆ ಒಂದು ಸಣ್ಣ ಚೀಟಿಯನ್ನೂ ಬರೆದು ಕಳಿಸಬಹುದಿತ್ತು. ಕಳಿಸಿದವರು, ತೆಗೆದುಕೊಂಡವರು ಬಿಟ್ಟರೆ ಅದನ್ನು ಬೇರೆ ಯಾರೂ ಓದುವಂತಿರಲಿಲ್ಲ. ಆ್ಯಪ್ ಕಟ್ಟಿದ ನಾವೂ ಓದುವಂತಿರಲಿಲ್ಲ.

ನಮ್ಮ ಅತ್ತೆಗೆ ಇದನ್ನು ವಿವರಿಸಲು ಹೋಗಿ ಸಾಕಾಗಿತ್ತು. ಎಲ್ಲ ಕೇಳಿಸಿಕೊಂಡು ಅವರು, "ಅಂದ್ರೆ ನೀ ಸಂಚಿ ಹೊಲೀತೀಯ. ಒಳಗೇನೈತೆ ಅಂತ ನಿಂಗೂ ಗೊತ್ತಿಲ್ಲ. ಚಲೋ ಆತು ಬಿಡು, ನಾಳೆ ಯಾರಾನ ಕಳಕಂಡ್ರೆ ನಿನ್ನ ಕೇಳಂಗಿಲ್ಲ" ಅಂದರು. ನಾನು ಅಲ್ಲಿಯವರೆಗೆ ಓದಿದ ಯಾವ ವಿವರಣೆಯೂ ಇಷ್ಟು ಚೊಕ್ಕವಾಗಿರಲಿಲ್ಲ.

ಈ ಕೆಲಸ ಮಾಡುವವರು ನಾವು ಐದಾರು ಜನ, ಬೇರೆ ಬೇರೆ ದೇಶದವರು. ಸಂಬಳವೂ ನಾಣ್ಯದಲ್ಲೇ ಬರುತ್ತಿತ್ತು. ನಮ್ಮಲ್ಲಿ ಒಂದೇ ಕಟ್ಟುನಿಟ್ಟು: ಯಾರೂ ಯಾರ ಹೆಸರು, ಊರು ಕೇಳಬಾರದು, ಹೇಳಬಾರದು. ಎಲ್ಲರೂ ಅವರವರು ಇಟ್ಟುಕೊಂಡ ಅಡ್ಡಹೆಸರಲ್ಲೇ ಇದ್ದೆವು. ಇದು ಆಟವಲ್ಲ. ಇಂಥ ಆ್ಯಪ್ ಕಟ್ಟುವವರು ಯಾರು ಅಂತ ಗೊತ್ತಾದರೆ ಮನೆ ಬಾಗಿಲಿಗೆ ಬಂದು ನಾಣ್ಯ ತೆಗೆಯುವ ಗುಟ್ಟಿನ ಕೀಲಿ ಕೊಡು ಅನ್ನುವ ಪುಂಡರಿದ್ದಾರೆ. ಜನರ ಕೀಲಿ ನಮ್ಮ ಹತ್ತಿರ ಇರುವುದೇ ಇಲ್ಲ ಅಂದರೆ ಅವರು ನಂಬುವುದಿಲ್ಲ. ನಮ್ಮಂಥ ಇನ್ನೊಂದು ಗುಂಪಿನವನ ಮನೆಗೆ ಹಾಗೆ ನುಗ್ಗಿ, ಅವನು ಸಿಗದೆ ಅವನ ತಾಯಿಯನ್ನು ಹೊಡೆದಿದ್ದರು. ಅದನ್ನು ಕೇಳಿದ ಮೇಲೆ ನಾನು ಈ ಕಟ್ಟುನಿಟ್ಟಿನ ಬಗ್ಗೆ ತಕರಾರು ಎತ್ತಿದವಳಲ್ಲ.

ಆ ಐದಾರು ಜನರಲ್ಲಿ ಇವನೊಬ್ಬ. ಗಂಡಸೋ ಹೆಂಗಸೋ ಅದೂ ಖಾತ್ರಿಯಿರಲಿಲ್ಲ, ನಾನಾಗಿ 'ಅವನು' ಅಂತ ಇಟ್ಟುಕೊಂಡಿದ್ದೆ. ನಾನು ಬರೆದ ಕೋಡನ್ನೆಲ್ಲ ತಿದ್ದುವುದು ಅವನ ಪಾಲಿಗೆ ಬಂದಿತ್ತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅವನೋ ಅಕ್ಕಿಯಲ್ಲಿ ಕಲ್ಲು ಆರಿಸುವವನ ಹಾಗೆ ಒಂದೊಂದು ಸಾಲನ್ನೂ ಹಿಡಿದು ಕೂರುವವನು. "ಇದು ಹೊಸ ಫೋನಿನಲ್ಲಿ ಓಡುತ್ತದೆ. ಪರದೆ ಒಡೆದ, ಚಾರ್ಜ್ ನಿಲ್ಲದ ಹಳೇ ಫೋನಿನಲ್ಲಿ ಓಡಿಸಿ ತೋರಿಸು" ಅಂತ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ಚೀಟಿಯ ಜಾಗಕ್ಕೆ ಇಷ್ಟೇ ಅಂತ ಮಿತಿಯಿತ್ತು, ಕನ್ನಡದ ಒಂದು ಅಕ್ಷರ ಇಂಗ್ಲಿಷಿನ ಮೂರು ಅಕ್ಷರದ ಜಾಗ ನುಂಗುತ್ತಿತ್ತು. ನಮ್ಮಂಥ ಭಾಷೆಯವರು ಬರೆದ ಚೀಟಿ ಅರ್ಧಕ್ಕೇ ತುಂಡಾಗಬಾರದು, ತುಂಬುವ ಮೊದಲೇ ಅವರಿಗೆ ಗೊತ್ತಾಗಬೇಕು ಅಂತ ಹಟ ಹಿಡಿದು ಮಾಡಿಸಿದವನು ಅವನೇ. ಆ ಭಾಷೆಗಳ ಮೇಲೆ ಇವನಿಗ್ಯಾಕೆ ಇಷ್ಟು ಕಾಳಜಿ ಅಂತ ನನಗಾಗ ಹೊಳೆಯಲಿಲ್ಲ.

ವಾರದಲ್ಲಿ ಎರಡು ದಿನ ಮಾತ್ರ ಅವನ ಉತ್ತರಗಳು ತುಂಡು ತುಂಡಾಗಿ, ತಡವಾಗಿ ಬರುತ್ತಿದ್ದವು. "ಇವತ್ತೇನು ಎಡಗೈಯಲ್ಲಿ ಬರೀತಿದ್ದೀಯಾ?" ಅಂತ ರೇಗಿಸುತ್ತಿದ್ದೆ. "ಹೌದು" ಅಂತಷ್ಟೇ ಬರುತ್ತಿತ್ತು.

ಅವನ ಗುಟ್ಟು ಒಡೆದದ್ದು ಒಂದು ಸೋಮವಾರ. ಆ್ಯಪ್‌ನ ಹೊಸ ಆವೃತ್ತಿ ಸಿದ್ಧವಾಗಿತ್ತು, ಎಲ್ಲ ಪರೀಕ್ಷೆಯೂ ಮುಗಿದಿತ್ತು, ಜನರಿಗೆ ಬಿಡುವುದಷ್ಟೇ ಬಾಕಿ. ಗುಂಪಿನವರೆಲ್ಲ ಇವತ್ತೇ ಬಿಡೋಣ ಅಂದರು. ಇವನೊಬ್ಬ ಅಡ್ಡ ನಿಂತ. ಇಂಗ್ಲಿಷಿನಲ್ಲೇ ಬರೆದ, ಆದರೆ ಬರೆದದ್ದು ಇದು: ಸೋಮವಾರ ಬೇಡ, ಸೋಮವಾರ ಎತ್ತಿನ ಹೆಗಲಿಗೆ ನೊಗ ಹೇರುವುದಿಲ್ಲ. ಅಷ್ಟಕ್ಕೇ ಬಿಡದೆ, ಸೋಮವಾರ ಬಿಡುಗಡೆ ಇಲ್ಲ ಅನ್ನುವುದನ್ನು ನಮ್ಮ ಕೆಲಸದ ನಿಯಮಗಳಲ್ಲೇ ಸೇರಿಸಿಬಿಟ್ಟ. ಹೊರದೇಶದವರಿಗೆ ಅದು ಯಾವುದೋ ಚಂದದ ಮಾತಾಗಿ ಕಂಡಿತು. ವಾರದ ಮೊದಲ ದಿನವೇ ಎಡವಟ್ಟಾದರೆ ವಾರವೆಲ್ಲ ಹಾಳು, ಹೌದು ಹೌದು ಅಂತ ಒಪ್ಪಿಕೊಂಡರು.

ನಾನು ಮಾತ್ರ ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ನನ್ನ ತವರು ಇಲ್ಲೇ ಹತ್ತಿರದ ಹಳ್ಳಿ, ಹದಡಿ. ಸೋಮವಾರ ಬಸವಣ್ಣನ ದಿನ ಅಂತ ನಮ್ಮಜ್ಜ ಎತ್ತು ಹೂಡುತ್ತಿರಲಿಲ್ಲ. ಬಿತ್ತನೆಯ ಹದ ಆರಿಹೋಗುತ್ತೆ ಅಂತ ಮಂದಿ ಬಡಕೊಂಡರೂ, ಎತ್ತಿನ ಮೈ ತೊಳೆದು, ಕೊರಳು ಸವರಿ, ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಜಗತ್ತಿನ ಯಾವ ಕಂಪ್ಯೂಟರ್ ಶಾಲೆಯೂ ಈ ಮಾತು ಕಲಿಸುವುದಿಲ್ಲ. ಹೆಸರು, ಊರು, ಭಾಷೆ ಎಲ್ಲ ಅಷ್ಟು ಜತನದಿಂದ ಮುಚ್ಚಿಟ್ಟುಕೊಂಡ ಮನುಷ್ಯ, ಎತ್ತಿನ ರಜೆಯನ್ನು ಮುಚ್ಚಿಡಬೇಕು ಅನ್ನುವುದನ್ನೇ ಮರೆತಿದ್ದ. ಅದು ಅವನಿಗೆ ಗುಟ್ಟು ಅಂತಲೇ ಅನಿಸಿರಲಿಕ್ಕಿಲ್ಲ.

ಎಲ್ಲರೂ ಓದುವ ಜಾಗದಲ್ಲಿ ಕೇಳುವಂತಿರಲಿಲ್ಲ. ನಮ್ಮ ಆ್ಯಪ್‌ನಲ್ಲೇ ಅವನಿಗೊಂದು ಚಿಲ್ಲರೆ ನಾಣ್ಯ ಕಳಿಸಿ, ಜೊತೆಗೆ ಚೀಟಿ ಬರೆದೆ. "ನೀವು ನಮ್ ಕಡೆಯೋರೇನ್ರಿ? ನಂದು ದಾವಣಗೆರೆ."

ಇಡೀ ದಿನ ಸುದ್ದಿಯಿಲ್ಲ. ಮರುದಿನ ಅಷ್ಟೇ ಚಿಲ್ಲರೆಯ ಜೊತೆ ಉತ್ತರ ಬಂತು. "ಹೌದ್ರಿ. ಆದ್ರೆ ಇಷ್ಟಕ್ಕೇ ಇರ್ಲಿ. ಮುಂದೆ ಏನೂ ಕೇಳ್‌ಬ್ಯಾಡ್ರಿ."

ಖುಷಿಯಾಗಿತ್ತು, ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. ನಾನೇನು ಇವನ ಆಸ್ತಿ ಕೇಳಿದೆನಾ? ಎರಡು ದಿನ ಮುಖ ಊದಿಸಿಕೊಂಡೇ ಇದ್ದೆ. ಊದಿದ ಮುಖ ಕಾಣಿಸುವ ಕೆಲಸ ನಮ್ಮದಲ್ಲವಲ್ಲ, ಅವನಿಗೆ ಗೊತ್ತೇ ಆಗಲಿಲ್ಲ. ಮೂರನೇ ದಿನ ನಾನೇ ಸೋತು ಚೀಟಿ ಬರೆದೆ. "ಇಷ್ಟು ಬಚ್ಚಿಟ್ಕಳಕೆ ನೀವೇನ್ ಕಳ್ರೇನ್ರಿ?"

ಅದಕ್ಕೆ ಅವನು ಬರೆದದ್ದು ನನಗೆ ಬಾಯಿಪಾಠವಾಗಿದೆ. "ನಮ್ಮೂರಾಗ ಮೆಡಿಕಲ್ ಶಾಪಿನಾಗ ಒಂದ್ ಗುಳಿಗೆ ತಗಂಡ್ರೆ, ನಾವು ಮನೆ ಮುಟ್ಟೋದ್ರೊಳಗೆ ಸುದ್ದಿ ಮುಟ್ಟಿರ್ತೈತೆ. ಅಯ್ಯೋ ಪಾಪ ಅನ್ನಿಸ್ಕಳದಂಗೆ ಕುಂತ್ಕಳಕೆ ಒಂದ್ ಜಾಗ ಬೇಕ್ರಿ. ನಂಗೆ ಇದೇ ಆ ಜಾಗ."

ನಾನು ನಕ್ಕುಬಿಟ್ಟೆ. ಮಾತು ಚೆನ್ನಾಗಿದೆ ಅನ್ನಿಸಿತು. ಅದರಲ್ಲಿ ಗುಳಿಗೆ ಯಾಕೆ ಬಂತು ಅಂತ ಯೋಚಿಸಲಿಲ್ಲ.

ಆಮೇಲೆ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಆದರೆ ಊರು ನನಗೆ ಬೇರೆಯಾಗಿ ಕಾಣತೊಡಗಿತು. ಬಸ್‌ಸ್ಟ್ಯಾಂಡಿನಲ್ಲಿ ಬೆನ್ನಿಗೆ ಬ್ಯಾಗು ಹಾಕಿಕೊಂಡವನು ಕಂಡರೆ ಇವನಿರಬಹುದಾ ಅನ್ನಿಸುವುದು. ಮಂಡಕ್ಕಿ ಅಂಗಡಿಯ ಮುಂದೆ ಮಿರ್ಚಿಯನ್ನು ಕೈಯಲ್ಲಿ ಹಿಡಿದುಕೊಂಡು ಫೋನಿನಲ್ಲಿ ಮುಳುಗಿದವನನ್ನು ನೋಡಿ, ಹತ್ತಿರ ಹೋಗಿ ಪರದೆ ಇಣುಕಿ, ಅವನು ಕ್ರಿಕೆಟ್ ನೋಡುತ್ತಿದ್ದದ್ದು ಕಂಡು ಪೆಚ್ಚಾಗಿ ಬಂದದ್ದೂ ಉಂಟು. ಎಂದಾದರೂ ಒಂದು ದಿನ ಅವನೇ ಹೇಳುತ್ತಾನೆ ಅಂತ ನಂಬಿದ್ದೆ. ಅವನ ಬಗ್ಗೆ ನನಗೊಂದು ಸಲಿಗೆ ಬೆಳೆದಿತ್ತು. ಮನೆಯಲ್ಲಿ ಯಾರ ಹತ್ತಿರವೂ ಆಡದ ಮಾತನ್ನು, ನನಗೆ ಮಗು ನಿಲ್ಲದೆ ಹೋದ ಸಂಕಟವನ್ನು ಕೂಡ, ಒಮ್ಮೆ ಅವನಿಗೆ ಚೀಟಿಯಲ್ಲಿ ಬರೆದಿದ್ದೆ. ಅವನು ಸಮಾಧಾನ ಹೇಳಲಿಲ್ಲ. "ಇವತ್ತು ನಿಮ್ ಕೆಲ್ಸಾನೂ ನಾನೇ ಮಾಡ್ತೀನ್ರಿ, ಮಲಕ್ಕಳ್ರಿ" ಅಂತ ಬರೆದ. ನನ್ನ ಪಾಲಿನ ಕೆಲಸವನ್ನು ಪೂರ್ತಿ ಮುಗಿಸಿಯೂ ಬಿಟ್ಟ.

ಹೋದ ಮಳೆಗಾಲದಲ್ಲಿ ಅವನು ಗುಂಪಿಗೆ, ಕೆಲವು ದಿನ ರಜೆ, ಅಂತ ಬರೆದು ಹೋದ. ಕೆಲವು ದಿನ ಕಳೆಯಿತು. ನಾನು ಚೀಟಿ ಹಾಕಿದೆ. "ಎಲ್ಲಿ ಹೋದ್ರಿ? ಇಲ್ಲಿ ನನ್ ಬೈಯೋರಿಲ್ಲ." ಉತ್ತರವಿಲ್ಲ. ಇನ್ನೊಂದು ಹಾಕಿದೆ, ಮತ್ತೊಂದು ಹಾಕಿದೆ. ಅವನಿಗೆ ಫೋನ್ ಮಾಡೋಣ ಅಂದರೆ ನಂಬರಿಲ್ಲ, ಹುಡುಕೋಣ ಅಂದರೆ ಹೆಸರಿಲ್ಲ. ಯಾರೂ ಯಾರನ್ನೂ ಹುಡುಕಲಾಗದ ಹಾಗೆ ಕಟ್ಟಿದವರು ನಾವೇ. ಎಷ್ಟು ಚೆನ್ನಾಗಿ ಕಟ್ಟಿದ್ದೇವೆ ಅನ್ನುವುದು ನನಗೆ ಆಗ ತಿಳಿಯಿತು. ಬೆಳಿಗ್ಗೆ ಪೇಪರ್ ಬಂದರೆ ನಿಧನ ವಾರ್ತೆಯ ಪುಟ ತೆಗೆಯುತ್ತಿದ್ದೆ. ತೆಗೆದು ಸುಮ್ಮನೆ ಕೂರುತ್ತಿದ್ದೆ. ಅಲ್ಲಿದ್ದ ಫೋಟೋಗಳಲ್ಲಿ ನಾನು ಯಾವ ಮುಖ ಹುಡುಕಬೇಕಿತ್ತು?

ಕೊನೆಗೊಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಫೋನ್ ಸದ್ದು ಮಾಡಿತು. ನಮ್ಮ ಆ್ಯಪ್. ಚಿಲ್ಲರೆ ನಾಣ್ಯ, ಜೊತೆಗೆ ಚೀಟಿ. ಅಂತೂ ಬಂದನಲ್ಲ, ಹಿಡಿದು ನಾಲ್ಕು ಬೈಯಬೇಕು ಅಂತ ತೆಗೆದೆ.

"ನಾನು ಇವನ ಅಕ್ಕ ರೀ. ತಮ್ಮ ಹೋದ. ಹಿಂಗೆ ಚೀಟಿ ಕಳ್ಸೋದು ಅವ್ನೇ ತೋರ್ಸಿಕೊಟ್ಟಿದ್ದ. ಇದ್ರಾಗ ಅವ್ನಿಗೆ ಚೀಟಿ ಬರ್ದೋರು ನೀವೊಬ್ರೇ. ನೀವ್ಯಾರು ನಂಗೊತ್ತಿಲ್ಲ. ನಾಡಿದ್ದು ಶಿವಗಣಾರಾಧನೆ. ಹರಿಹರಕ್ಕೆ ಬರ್ರಿ."

ಕೈ ತೊಳೆಯದೆ ಹಾಗೇ ಕೂತಿದ್ದೆ. ಅತ್ತೆ ಏನಾಯ್ತು ಅಂದರು. ಜೊತೆಗೆ ಕೆಲಸ ಮಾಡೋರು ತೀರ್ಕೊಂಡ್ರು ಅಂದೆ. ಹೆಸರೇನು ಅಂದರು. ನಾನು ಎದ್ದು ಒಳಗೆ ಹೋದೆ.

ಹರಿಹರ ಎಷ್ಟು ದೂರ? ಬಸ್ಸು ಹತ್ತಿ ಕೂತರೆ ಒಂದು ನಿದ್ದೆಗೂ ಸಾಲದು. ಗಂಡನನ್ನು ಕರೆಯಲಿಲ್ಲ, ಒಬ್ಬಳೇ ಹೊರಟೆ. ಅಕ್ಕ ಇನ್ನೊಂದು ಚೀಟಿಯಲ್ಲಿ ಓಣಿಯ ಗುರುತು ಹೇಳಿದ್ದಳು, ಆದರೆ ಅದು ಬೇಕಾಗಲೇ ಇಲ್ಲ. ಓಣಿಯ ಬಾಯಿಗೇ, ಎರಡು ಲೈಟ್ ಕಂಬದ ನಡುವೆ ಫ್ಲೆಕ್ಸ್ ಕಟ್ಟಿದ್ದರು. ಮೇಲೆ 'ಮತ್ತೆ ಹುಟ್ಟಿ ಬಾ' ಅಂತ, ನಡುವೆ ಒಂದು ಮುಖ, ಕೆಳಗೆ ಹೆಸರು, ಅಪ್ಪನ ಹೆಸರು, ಹುಟ್ಟೂರು ಸಾರಥಿ, ಹುಟ್ಟಿದ ದಿನ, ತೀರಿದ ದಿನ, ದುಃಖದಲ್ಲಿರುವವರ ಹೆಸರುಗಳು, ಮನೆಯ ಫೋನ್ ನಂಬರ್. ಆ ಮನುಷ್ಯ ಇಷ್ಟು ವರ್ಷ ಮುಚ್ಚಿಟ್ಟುಕೊಂಡದ್ದೆಲ್ಲ ಗಾಳಿಗೆ ಪಟಪಟ ಬಡಿಯುತ್ತಿತ್ತು.

ಯಾರದೋ ಮದುವೆಯಲ್ಲಿ ತೆಗೆದ ಫೋಟೋ. ಪಕ್ಕದಲ್ಲಿದ್ದವರ ಭುಜ ಅರ್ಧ ಉಳಿದಿತ್ತು. ತೆಳ್ಳನೆ ಮುಖ, ಊದಿದ ಕಣ್ಣು, ನಗಲೋ ಬೇಡವೋ ಅನ್ನುವ ತುಟಿ. ನನಗಿಂತ ತೀರಾ ಚಿಕ್ಕವನು. ನನ್ನ ಓರಗೆಯವನೋ, ದೊಡ್ಡವನೋ ಅಂದುಕೊಂಡು ಇಷ್ಟು ದಿನ ಜಗಳವಾಡಿದ್ದೆ. ರಸ್ತೆಯ ನಡುವೆ ನಿಂತು ಅತ್ತುಬಿಟ್ಟೆ. ಬೈಕಿನವನೊಬ್ಬ ಹಾರ್ನ್ ಹೊಡೆದು ಸುತ್ತು ಹಾಕಿ ಹೋದ.

ಯಾರೋ ಹೆಂಗಸು ಬಂದು ತೋಳು ಹಿಡಿದಳು. "ದಾವಣಗೆರೆ ಅಕ್ಕ ಅಲ್ವೇನ್ರಿ ನೀವು?" ಅಂದಳು. ಅವನ ಅಕ್ಕ. ಫೋನ್ ತೆಗೆದು ತೋರಿಸಿದಳು. ಆ್ಯಪ್‌ನಲ್ಲಿ ನನ್ನ ವಿಳಾಸದ ಮೇಲೆ ಅವನು ಹಾಗಂತ ಹೆಸರು ಬರೆದಿಟ್ಟಿದ್ದ. ಇಷ್ಟು ವರ್ಷದಲ್ಲಿ ಒಂದು ಸಲವೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಮನೆ ಮುಂದೆ ಶಾಮಿಯಾನ ಹಾಕಿದ್ದರು. ಪೂಜೆ ಮುಗಿದಿತ್ತು. ಅವರ ಸೋದರಮಾವ ಮೈಕ್ ಹಿಡಿದು, ಎರಡು ಮಾತಾಡುವವರು ಬನ್ನಿ ಅನ್ನುತ್ತಿದ್ದ. ಬಂದವರೆಲ್ಲ ಒಂದೇ ಮಾತು ಆಡಿದರು: ಹುಡುಗ ಒಳ್ಳೆಯವನು, ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ, ಕೈಗೊಂದು ಕೆಲಸ ಹತ್ತಲಿಲ್ಲ. ಮಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇವತ್ತಿನ ಹುಡುಗರು ಫೋನಿಗೆ ಬಿದ್ದು, ಆನ್‌ಲೈನ್ ಆಟಕ್ಕೆ ಬಿದ್ದು ಹಾಳಾಗುತ್ತಿದ್ದಾರೆ ಅಂತ ಉಪದೇಶಕ್ಕಿಳಿದ. ಅಕ್ಕನ ತಲೆ ತಗ್ಗಿತು. ನನ್ನ ಕಿವಿಯ ಹತ್ತಿರ ಬಾಗಿ, "ಅವ್ನು ಏನ್ ಮಾಡ್ತಿದ್ದ ಅಂತ ನಿಮಗೊತ್ತಲ್ರಿ. ನೀವಾನ ಹೇಳ್ರಿ" ಅಂದಳು.

ಎದ್ದು ಹೋಗಿ ಮೈಕ್ ತೆಗೆದುಕೊಂಡೆ. ನೀವು ಯಾರನ್ನು ಖಾಲಿ ಕೂತವನು ಅಂತಿದ್ದೀರೋ ಅವನು ಕಟ್ಟಿದ್ದನ್ನು ಎಷ್ಟೋ ದೇಶದ ಜನ ನಂಬಿ ಜೇಬಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ ಅಂತ ಕೂಗಬೇಕು ಅನ್ನಿಸಿತು. ಮುಂದಿನ ಸಾಲಿನ ಹುಡುಗರು ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದರು. ಸಂಜೆಯೊಳಗೆ ಅದು ಯಾವ ಯಾವ ಗುಂಪಿಗೆ ಹೋಗುತ್ತದೋ. ಈ ಹೆಸರು, ಈ ಮನೆ, ಈ ನಂಬರು ಆಗಲೇ ಓಣಿಯ ಬಾಯಿಗೆ ತೂಗುತ್ತಿದೆ. ಅದಕ್ಕೆ ಆ ಕೆಲಸದ ಹೆಸರನ್ನೂ ನಾನು ಅಂಟಿಸಿದರೆ, ನಾಳೆ ಇದೇ ಬಾಗಿಲಿಗೆ ಕೀಲಿ ಕೇಳಿಕೊಂಡು ಬರುವವರನ್ನು ಈ ಅಕ್ಕ ಹೇಗೆ ತಡೆದಾಳು?

"ಇವ್ರು ನನ್ ಜೊತಿಗೆ ಕೆಲ್ಸ ಮಾಡ್ತಿದ್ರು. ನನಗಿಂತ ಚಲೋ ಮಾಡ್ತಿದ್ರು" ಅಂದೆ.

"ಯಾವ ಕಂಪ್ನಿ ರೀ?" ಅಂದ ಮಾವ.

"ಅದನ್ನ ಹೇಳಕಾಗಲ್ರಿ."

ಕುರ್ಚಿಗಳ ಸಾಲಿನಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ, "ಹೆಸ್ರು ಹೇಳಕಾಗದ ಕಂಪ್ನಿ ಅಂದ್ಮೇಲೆ ಗೊತ್ತಾತು ಬಿಡ್ರಿ" ಅಂದರು. ಒಂದಿಬ್ಬರು ನಕ್ಕರು. ಅವನ ಮಾನ ಉಳಿಸಲು ಎದ್ದವಳು ಇದ್ದದ್ದನ್ನೂ ಕಳೆದು ಬಂದು ಕೂತೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ.

ಊಟಕ್ಕೆ ಗೋಧಿ ಹುಗ್ಗಿ ಮಾಡಿಸಿದ್ದರು. ಅಕ್ಕ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. "ಈಗ ನಂಗೊಬ್ಬಾಕಿಗೆ ಹೇಳ್ರಿ. ಕೂಡ್ರಿ" ಅಂದಳು. ಹೇಳಿದೆ. ಹಳೇ ಫೋನು, ಕನ್ನಡದ ಚೀಟಿ, ಸೋಮವಾರದ ನಿಯಮ, ನನ್ನ ಪಾಲಿನ ಕೆಲಸ ಮಾಡಿಕೊಟ್ಟದ್ದು, ಒಂದೂ ಬಿಡದೆ ಹೇಳಿದೆ.

"ಜೂಜಲ್ಲಲ್ರಿ?" ಅಂದಳು.

"ಅಲ್ರಿ. ದುಡಿಮೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು. ಅವನಿಗೆ ಕಿಡ್ನಿ ಕೆಟ್ಟಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್. ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡು ಇನ್ನೊಂದು ಕೈಯಲ್ಲಿ ಟೈಪ್ ಮಾಡುತ್ತಿದ್ದ. ಔಷಧಿಯ ಖರ್ಚೆಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಎಲ್ಲಿಂದ ಬಂತು ಅಂತ ಅವಳು ಕೇಳಿರಲಿಲ್ಲ. "ಕೇಳಿದ್ರೆ ಏನ್ ಹೇಳ್ತಾನೋ ಅಂತ ಹೆದ್ರಿಕಿ ಇತ್ರಿ" ಅಂದಳು.

"ಕೊನೀಗೆ ಅಡ್ಮಿಟ್ ಮಾಡಿದಾಗ ನಿಮ್ ಚೀಟಿ ಓದಿ ನಗ್ತಿದ್ದ. ಬಾಗ್ಲು ಸಪ್ಪಳಾದ್ರೆ ಸಾಕು, ಆ ಕಡೆ ನೋಡೋನು. ಯಾರಾನ ಬರೋರದಾರೇನೋ ಅಂದೆ. ಒಬ್ರು ಇದೇ ಊರಾಗದಾರೆ, ಗೊತ್ತಾದ್ರೆ ಓಡಿ ಬರ್ತಾರೆ ಅಂದ. ಮತ್ತೆ ಬರ್ದು ತಿಳ್ಸಪ್ಪ ಅಂದೆ. ಅವ್ರು ನನ್ನ ಹಿಂಗೆ ನೋಡೋದು ಬ್ಯಾಡಕ್ಕ, ಒಂದೀಟು ಹುಷಾರಾಗ್ಲಿ, ನಾಳೆ ಬರೀತೀನಿ ಅಂದ. ದಿನಾ ನಾಳೆ ಅಂದ."

ಇದೇ ಊರು ಅಂದರೆ ಯಾವುದು ಅಂತ ಕೇಳಿದೆ.

"ದಾವಣಗೆರೆನಾಗೇ ಇದ್ವಲ್ರಿ" ಅಂತ ಅವಳು ಆಸ್ಪತ್ರೆಯ ಹೆಸರು ಹೇಳಿದಳು. ಅದು ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿದೆ. ದಿನಾ ಬೆಳಿಗ್ಗೆ ಹಾಲು ತರಲು ನಾನು ಅದರ ಗೇಟಿನ ಮುಂದೆಯೇ ಹೋಗುತ್ತೇನೆ.